ಕೋಳಿಯ ಗಾಳಿಚೀಲ ಬೇರೆ, ಮಾವನವರ ಗಾಳಿಚೀಲ ಬೇರೆ

ಪ್ರಶ್ನೆ: ಸಿಂಧನೂರು ತಾಲೂಕಿನ ಹಳ್ಳಿಯವಳು ನಾನು. ಮನೆ ಹಿಂದೆ ಶೆಡ್ ಹಾಕಿ ಅರವತ್ತು ಗಿರಿರಾಜ ಕೋಳಿ ಸಾಕಿದ್ದೇನೆ. ಹೋದ ತಿಂಗಳು ಒಂಬತ್ತು ಕೋಳಿ ಗೊರಗೊರ ಉಸಿರೆಳೆದು, ಮೂಗು ಸೋರಿ, ಒಂದೊಂದಾಗಿ ಸತ್ತವು. ಪಶು ಡಾಕ್ಟ್ರು ಒಂದನ್ನು ಕೊಯ್ದು ನೋಡಿ ‘ಸಿಆರ್‌ಡಿ, ಗಾಳಿಚೀಲಕ್ಕೆ ಸೋಂಕು’ ಅಂದರು. ಅದೇ ವಾರ ಮಾವನವರನ್ನು ರಾಯಚೂರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆವು. ಅವರು ಇಪ್ಪತ್ತು ವರ್ಷ ಕಲ್ಲು ಕ್ರಷರ್‌ನಲ್ಲಿ ದುಡಿದವರು. ಅಲ್ಲಿನ ಡಾಕ್ಟ್ರು ಎಕ್ಸ್‌ರೇ ನೋಡಿ ‘ಶ್ವಾಸಕೋಶದ ಗಾಳಿಚೀಲಗಳು ಹಾಳಾಗಿವೆ’ ಅಂದರು. ಇದು ಕೋಳಿಯಿಂದಲೇ ಬಂದಿದ್ದು, ಎಲ್ಲ ಮಾರಿಬಿಡು ಅಂತ ಅತ್ತೆ ಹಟ ಹಿಡಿದಿದ್ದಾರೆ. ಎರಡೂ ಒಂದೇ ರೋಗವಾ? ಇನ್ನೊಂದು, ಎಂಟನೇ ಕ್ಲಾಸಿನ ಮಗಳ ಪ್ರಶ್ನೆ: ಮೊಟ್ಟೆ ಒಳಗಿನ ಮರಿ ಹೇಗೆ ಉಸಿರಾಡುತ್ತೆ?

ಉತ್ತರ: ತಂಗಿ, ಮೊದಲು ನಿಮ್ಮ ಅತ್ತೆಯವರಿಗೆ ಸಮಾಧಾನ ಹೇಳಿ. ಮಾವನವರ ಕಾಯಿಲೆ ಕೋಳಿಯಿಂದ ಬಂದಿದ್ದಲ್ಲ. ಸಿಆರ್‌ಡಿ ಅಂದರೆ ಕೋಳಿಗಳ ದೀರ್ಘಕಾಲದ ಉಸಿರಾಟದ ರೋಗ. ಅದನ್ನು ತರುವುದು ಕೋಳಿಗಳಿಗೆ ಬರುವ ಒಂದು ಬಗೆಯ ಮೈಕೋಪ್ಲಾಸ್ಮಾ ಅನ್ನುವ ರೋಗಾಣು. ಅದು ದಾರಿ ಮಾಡಿಕೊಟ್ಟ ಮೇಲೆ ಇ. ಕೋಲಿ ಅನ್ನುವ ಇನ್ನೊಂದು ರೋಗಾಣು ಒಳಗೆ ನುಗ್ಗುತ್ತದೆ. ಆ ಮೈಕೋಪ್ಲಾಸ್ಮಾ ಮನುಷ್ಯರಿಗೆ ಹತ್ತುವುದಿಲ್ಲ. ಹಾಗಾಗಿ ಕೋಳಿ ಮಾರುವ ಅವಸರ ಬೇಡ.

ಇಬ್ಬರು ಡಾಕ್ಟರೂ ಸರಿಯಾಗಿಯೇ ಹೇಳಿದ್ದಾರೆ. ತೊಂದರೆ ಆಗಿದ್ದು ಪದದಿಂದ. ಕನ್ನಡದಲ್ಲಿ ನಾವು ಎರಡಕ್ಕೂ ಗಾಳಿಚೀಲ ಅಂತಲೇ ಹೇಳುತ್ತೇವೆ. ಆದರೆ ಕೋಳಿಯ ಗಾಳಿಚೀಲದ ಕೆಲಸ ಗಾಳಿಯನ್ನು ತಳ್ಳುವುದು. ಅಲ್ಲಿ ಗಾಳಿಗೂ ರಕ್ತಕ್ಕೂ ಭೇಟಿಯೇ ಆಗುವುದಿಲ್ಲ. ಮನುಷ್ಯರ ಗಾಳಿಚೀಲದಲ್ಲಿ ಆಗುವುದೇ ಆ ಭೇಟಿ. ಇಷ್ಟು ತಿಳಿದುಕೊಂಡರೆ ನಿಮ್ಮ ಕೋಳಿಗೆ ಏನು ಮಾಡಬೇಕು, ಮಾವನವರಿಗೆ ಏನು ಮಾಡಬೇಕು ಎರಡೂ ಗೊತ್ತಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಕೊಪ್ಪಳ, ಗಂಗಾವತಿ, ಯಲಬುರ್ಗಾ ಕಡೆ ಮೂವತ್ತು ವರ್ಷ ಪಶುವೈದ್ಯನಾಗಿದ್ದವನು. ಸತ್ತ ಕೋಳಿ ಕೊಯ್ದು ನೋಡುವುದು ವಾರಕ್ಕೆ ಒಮ್ಮೆಯಾದರೂ ಇದ್ದ ಕೆಲಸ. ಪುಕ್ಕ ಹಾರದಂತೆ ಮೊದಲು ಕೋಳಿಯನ್ನು ನೀರಲ್ಲಿ ನೆನೆಸುತ್ತೇವೆ. ಆಮೇಲೆ ಹೊಟ್ಟೆಯ ಕಡೆಯಿಂದ ಪಕ್ಕೆಲುಬುಗಳನ್ನು ಕತ್ತರಿಸುತ್ತಾ ಬಂದು ಎದೆಯ ಮೂಳೆಯನ್ನು ನಿಧಾನಕ್ಕೆ ಮೇಲೆತ್ತಬೇಕು. ಅವಸರ ಮಾಡಿದರೆ ಏನೂ ಕಾಣುವುದಿಲ್ಲ. ನಿಧಾನಕ್ಕೆ ಎತ್ತಿದರೆ ಮೂಳೆಗೂ ಕರುಳಿಗೂ ನಡುವೆ ತೆಳ್ಳನೆಯ ಪೊರೆಯೊಂದು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಉಳ್ಳಾಗಡ್ಡಿ ಹೆಚ್ಚುವಾಗ ಎರಡು ಪದರದ ಮಧ್ಯೆ ಒಂದು ತೆಳು ಪೊರೆ ಬರುತ್ತದಲ್ಲ, ಥೇಟ್ ಅದರ ಹಾಗೆ. ಆಚೆಗಿರುವುದು ಸ್ವಚ್ಛವಾಗಿ ಕಾಣುತ್ತದೆ. ಆರೋಗ್ಯವಂತ ಕೋಳಿಯ ಗಾಳಿಚೀಲ ಅಂದರೆ ಅದೇ. ಅದರಲ್ಲಿ ರಕ್ತನಾಳ ತೀರಾ ಕಡಿಮೆ. ಸ್ನಾಯು ಇಲ್ಲವೇ ಇಲ್ಲ ಅನ್ನಬಹುದು.

ಸಿಆರ್‌ಡಿ ಆದ ಕೋಳಿಯಲ್ಲಿ ಆ ಪೊರೆ ಮಜ್ಜಿಗೆ ಚೆಲ್ಲಿ ಒಣಗಿದ ಗಾಜಿನ ಹಾಗೆ ಮಬ್ಬಾಗಿರುತ್ತದೆ. ರೋಗ ಹಳೆಯದಾಗಿದ್ದರೆ ಹಳದಿ ಬಣ್ಣದ ಗಟ್ಟಿ ಚೂರುಗಳು ಅಂಟಿಕೊಂಡಿರುತ್ತವೆ. ಪುಡಿಯಾದ ಗಿಣ್ಣದ ಹಾಗೆ ಕಾಣುತ್ತವೆ. ನಿಮ್ಮ ಡಾಕ್ಟರು ನೋಡಿ ಹೇಳಿದ್ದು ಇದನ್ನೇ.

ಹಕ್ಕಿಗಳಿಗೆ ಇಂಥ ಚೀಲ ಸಾಮಾನ್ಯವಾಗಿ ಒಂಬತ್ತು. ಕೋಳಿಯಲ್ಲಿ ಕತ್ತಿನ ಹತ್ತಿರದ ಎರಡು ಕೂಡಿಕೊಂಡು ಒಂದಾಗಿರುವುದರಿಂದ ಎಂಟು. ಕತ್ತಿನ ಬುಡದಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ಕರುಳಿನ ಸುತ್ತ ಹರಡಿಕೊಂಡಿರುತ್ತವೆ. ಅಷ್ಟೇ ಅಲ್ಲ, ಒಂದು ಚೀಲದ ಕವಲು ರೆಕ್ಕೆಯ ತೋಳಿನ ಮೂಳೆಯೊಳಕ್ಕೂ ಹೋಗುತ್ತದೆ. ಆ ಮೂಳೆ ಟೊಳ್ಳು, ಒಳಗೆ ಮಜ್ಜೆಯ ಬದಲು ಗಾಳಿ.

18ನೇ ಶತಮಾನದಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯರಿದ್ದರು. ಅವರು ಕೋಳಿಯ ಗಂಟಲ ನಾಳವನ್ನು ದಾರದಿಂದ ಕಟ್ಟಿ, ರೆಕ್ಕೆಯ ಮೂಳೆಯನ್ನು ಕತ್ತರಿಸಿ ತೆರೆದಿಟ್ಟರು. ಕೋಳಿ ಮೂಳೆಯ ತೂತಿನಿಂದಲೇ ಉಸಿರಾಡಿತು. 1774ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇವತ್ತಿನ ಕಣ್ಣಿಗೆ ಅದು ಕ್ರೂರ ಪ್ರಯೋಗ. ಆದರೆ ಅದರಿಂದ ನಿಮಗೆ ಕೆಲಸಕ್ಕೆ ಬರುವ ಒಂದು ಮಾತಿದೆ. ನಾಯಿ ಹಿಡಿದು ಕೋಳಿಯ ರೆಕ್ಕೆ ಮುರಿದು, ಮೂಳೆ ಹೊರಗೆ ಬಂದಿದ್ದರೆ ಆ ಗಾಯಕ್ಕೆ ನೀರಾಗಲಿ ಔಷಧಿಯಾಗಲಿ ಸುರಿಯಬೇಡಿ. ಅದು ಮೂಳೆಯೊಳಗಿನಿಂದ ನೇರ ಉಸಿರಿನ ದಾರಿಗೆ ಇಳಿಯುತ್ತದೆ. ಒದ್ದೆ ಬಟ್ಟೆಯಿಂದ ಸುತ್ತ ಒರೆಸಿ, ರೆಕ್ಕೆಯನ್ನು ಮೈಗೆ ಸೇರಿಸಿ ಹಗುರವಾಗಿ ಕಟ್ಟಿ, ಡಾಕ್ಟರ ಹತ್ತಿರ ತನ್ನಿ.

ಹಾಗಾದರೆ ಕೋಳಿಗೆ ಶ್ವಾಸಕೋಶ ಇಲ್ಲವಾ? ಇದೆ. ನೀವೇ ಎಷ್ಟೋ ಸಲ ಕೈಯಲ್ಲಿ ತೆಗೆದಿರುತ್ತೀರಿ. ಕೋಳಿ ಸ್ವಚ್ಛ ಮಾಡುವಾಗ ಬೆನ್ನಿನ ಒಳಭಾಗದಲ್ಲಿ, ಪಕ್ಕೆಲುಬುಗಳ ಸಂದಿಗೆ ಗಟ್ಟಿಯಾಗಿ ಕೂತ ಗುಲಾಬಿ ಬಣ್ಣದ ಎರಡು ಚೂರು ಇರುತ್ತವಲ್ಲ, ಬೆರಳು ಹಾಕಿ ಕೆರೆದು ತೆಗೆಯಬೇಕಾಗುತ್ತದಲ್ಲ, ಅವೇ. ತೆಗೆದು ನೋಡಿದರೆ ಮೇಲೆ ಪಕ್ಕೆಲುಬಿನ ಗೆರೆ ಮೂಡಿರುತ್ತದೆ. ಕುರಿಯ ಶ್ವಾಸಕೋಶವನ್ನು ನೆನಪಿಸಿಕೊಳ್ಳಿ. ಅದು ದೊಡ್ಡದು, ಸ್ಪಂಜಿನ ಹಾಗೆ ಮೆತ್ತಗೆ. ನಾಳಕ್ಕೆ ಬಾಯಿಟ್ಟು ಊದಿದರೆ ಉಬ್ಬುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕೋಳಿಯದು ಹಾಗೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಇದ್ದಲ್ಲೇ ಇರುತ್ತದೆ. ಉಬ್ಬಿ ಕುಗ್ಗುವ ಕೆಲಸವೆಲ್ಲ ಚೀಲಗಳದ್ದು.

ನಮ್ಮ ಕಡೆ ಬಯಲಾಟ, ಭಜನೆ ಇಲ್ಲದ ಊರಿಲ್ಲ. ಪೇಟಿ, ಅಂದರೆ ಹಾರ್ಮೋನಿಯಂ, ನೋಡದವರೂ ಇಲ್ಲ. ಪೇಟಿಯ ಹಿಂದಿನ ತಿದಿಯನ್ನು ಎಡಗೈಯಿಂದ ಒತ್ತುತ್ತಾರೆ. ಪೆಟ್ಟಿಗೆಯ ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಇನ್ನೊಂದು ತಿದಿ ಇರುತ್ತದೆ. ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿಗಳು ಮಾತ್ರ ಹಲಗೆಗೆ ಬಿಗಿದುಕೊಂಡು ಅಲ್ಲಾಡದೆ ಕೂತಿರುತ್ತವೆ. ತಿದಿ ಉಬ್ಬಲಿ ಕುಗ್ಗಲಿ, ಆ ಪಟ್ಟಿಗಳ ಮೇಲೆ ಗಾಳಿ ಹೋಗುವುದು ಒಂದೇ ದಿಕ್ಕಿಗೆ. ಅದಕ್ಕೇ ಕೈ ಹಿಂದೆ ಮುಂದೆ ಆಡುತ್ತಿದ್ದರೂ ಸ್ವರ ಕಡಿಯುವುದಿಲ್ಲ. ಕೋಳಿಯ ಶ್ವಾಸಕೋಶ ಆ ಹಿತ್ತಾಳೆ ಪಟ್ಟಿಗಳ ಜಾಗದಲ್ಲಿದೆ. ಗಾಳಿಚೀಲಗಳು ತಿದಿಗಳು.

ಕೋಳಿ ಒಂದು ಸಲ ಉಸಿರೆಳೆದರೆ ಹೊಸ ಗಾಳಿಯ ಬಹುಪಾಲು ಶ್ವಾಸಕೋಶವನ್ನು ದಾಟಿ ಹೊಟ್ಟೆ ಕಡೆಯ ಹಿಂದಿನ ಚೀಲಗಳಿಗೆ ಹೋಗುತ್ತದೆ. ಉಸಿರು ಬಿಟ್ಟಾಗ ಅಲ್ಲಿಂದ ಶ್ವಾಸಕೋಶಕ್ಕೆ ಬರುತ್ತದೆ. ಎರಡನೇ ಸಲ ಎಳೆದಾಗ ಆ ಗಾಳಿ ಶ್ವಾಸಕೋಶದಿಂದ ಮುಂದಿನ ಚೀಲಗಳಿಗೆ ಸರಿಯುತ್ತದೆ. ಎರಡನೇ ಸಲ ಬಿಟ್ಟಾಗ ಹೊರಗೆ. ಅಂದರೆ ಒಂದು ಗುಟುಕು ಗಾಳಿ ಒಳಗೆ ಬಂದು ಹೊರಗೆ ಹೋಗಲು ಎರಡು ಉಸಿರು ಬೇಕು. ಉಸಿರೆಳೆಯುವಾಗಲೂ ಬಿಡುವಾಗಲೂ ಶ್ವಾಸಕೋಶದಲ್ಲಿ ಗಾಳಿ ಹಿಂದಿನಿಂದ ಮುಂದಕ್ಕೇ ಹರಿಯುತ್ತಿರುತ್ತದೆ. 1960ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಉಷ್ಟ್ರಪಕ್ಷಿಗಳ ಚೀಲಗಳಲ್ಲಿ ಆಮ್ಲಜನಕ ಅಳೆದು ಈ ದಾರಿಯನ್ನು ಹುಡುಕಿದರು. ಒಂದು ಉಸಿರು ಶುದ್ಧ ಆಮ್ಲಜನಕ ಕೊಟ್ಟರೆ ಹಿಂದಿನ ಚೀಲದಲ್ಲಿ ಅದು ತಕ್ಷಣ ಕಂಡಿತು. ಮುಂದಿನ ಚೀಲಕ್ಕೆ ಬಂದಿದ್ದು ಆಮೇಲಿನ ಉಸಿರಿನಲ್ಲಿ.

ನನಗೆ ಇವತ್ತಿಗೂ ಆಶ್ಚರ್ಯ ಆಗುವುದು ಏನಂದರೆ, ಪೇಟಿಯಲ್ಲಿ ಗಾಳಿ ವಾಪಸ್ ಬಾರದಂತೆ ಚರ್ಮದ ಮುಚ್ಚಳ ಇರುತ್ತದೆ. ಕೋಳಿಯಲ್ಲಿ ಅಂಥ ಮುಚ್ಚಳ ಒಂದೂ ಇಲ್ಲ. ನಾಳಗಳ ಬಾಗು, ಕೋನ, ಗಾಳಿಯ ವೇಗ, ಇಷ್ಟರಿಂದಲೇ ದಿಕ್ಕು ಉಳಿಯುತ್ತದೆ.

ಇನ್ನೊಂದು ಸಂಗತಿ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅದು ಕೆಳಗಿಳಿದರೆ ಉಸಿರು ಒಳಗೆ ಬರುತ್ತದೆ. ಕೋಳಿಗೆ ಅದಿಲ್ಲ. ಎದೆಯ ಮೂಳೆಯೇ ಕೆಳಗೆ ಮೇಲೆ ಆಡಿ ಚೀಲಗಳನ್ನು ಹಿಗ್ಗಿಸಬೇಕು. ಹಾಗಾಗಿ ಎದೆಯನ್ನು ಸುತ್ತ ಗಟ್ಟಿಯಾಗಿ ಅಮುಕಿ ಹಿಡಿದರೆ ಮೂಗು, ಬಾಯಿ ತೆರೆದೇ ಇದ್ದರೂ ಹಕ್ಕಿ ಉಸಿರು ಕಟ್ಟಿ ಸಾಯುತ್ತದೆ. ಗಂಗಾವತಿ ಹತ್ತಿರದ ಒಂದು ಮನೆಯಲ್ಲಿ ನಾಲ್ಕು ವರ್ಷದ ಹುಡುಗಿ ಮರಿಯೊಂದನ್ನು ಮುದ್ದು ಮಾಡಿ ಅಪ್ಪಿಕೊಂಡೇ ಮಲಗಿದ್ದಳು. ಎದ್ದಾಗ ಮರಿ ಸತ್ತಿತ್ತು. ಮಗು ಏನೂ ತಪ್ಪು ಮಾಡಿರಲಿಲ್ಲ, ಪಾಪ. ಮಕ್ಕಳಿಗೆ ಮರಿಯನ್ನು ಅಂಗೈ ಮೇಲೆ ಕೂರಿಸಿಕೊಳ್ಳಲು ಕಲಿಸಿ. ಸಂತೆಗೆ ಒಯ್ಯುವಾಗ ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕುತ್ತೇವಲ್ಲ, ಆಗಲೂ ಕರುಳಿನ ಭಾರವೆಲ್ಲ ಚೀಲಗಳ ಮೇಲೆ ಬೀಳುತ್ತದೆ. ಬುಟ್ಟಿಯಲ್ಲಿ ಒಯ್ಯುವುದು ಒಳ್ಳೆಯದು.

ಈ ಏರ್ಪಾಡಿನ ತಾಕತ್ತು ನೋಡಬೇಕೆಂದರೆ ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿನ ಕಡೆ ಬನ್ನಿ. ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು ಬರುತ್ತವೆ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗಂತೂ ದೊಡ್ಡ ಹಿಂಡೇ ಬರುತ್ತದೆ. ಇವು ಹಿಮಾಲಯ ದಾಟಿ ಬಂದವು. 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ಅಳತೆಗೆ ಸಿಕ್ಕಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಊರಿನ ಅರ್ಧಕ್ಕಿಂತ ಕಡಿಮೆ. ಸಾಮಾನ್ಯ ಮನುಷ್ಯ ಅಲ್ಲಿ ಮೆಟ್ಟಿಲು ಹತ್ತಲೂ ಒದ್ದಾಡುತ್ತಾನೆ. ಅವು ರೆಕ್ಕೆ ಬಡಿಯುತ್ತಾ ಹೋಗುತ್ತವೆ. ನಿಮ್ಮ ಗಿರಿರಾಜ ಕೋಳಿ ಗೋಡೆ ಹಾರಿದರೆ ಹೆಚ್ಚು. ಆದರೆ ಒಳಗಿರುವುದು ಅದೇ ಪೇಟಿ.

ಬೇರೆ ಪ್ರಾಣಿಗಳಲ್ಲೂ ಗಾಳಿಚೀಲ ಅನ್ನುವ ಹೆಸರಿನವು ಇವೆ. ಹಾವಿನ ಉದ್ದ ಶ್ವಾಸಕೋಶದ ಹಿಂದಿನ ಭಾಗ ಬರೀ ಚೀಲ. ಗಂಡು ಕಪ್ಪೆ ಮಳೆಗಾಲದಲ್ಲಿ ಗಂಟಲ ಕೆಳಗೆ ಉಬ್ಬಿಸುವುದು ಕೂಗಿಗಾಗಿ ಇರುವ ಚೀಲ. ಮಿಡತೆ, ಜೇನುಹುಳಕ್ಕೆ ಮೈಯೊಳಗೆಲ್ಲ ಗಾಳಿಯ ಕೊಳವೆ, ಚೀಲ. ಎಲ್ಲದರ ಕೆಲಸವೂ ಬೇರೆ ಬೇರೆ. ಆದರೆ ಹಾಲು ಕುಡಿಸುವ ಪ್ರಾಣಿಗಳದ್ದು ಮಾತ್ರ ಒಂದೇ ಮಾದರಿ. ನಿಮ್ಮ ಎಮ್ಮೆ, ದರೋಜಿಯ ಕರಡಿ, ನಿಮ್ಮ ಮಾವನವರು, ಮೂವರ ಶ್ವಾಸಕೋಶದ ಕಟ್ಟಡವೂ ಒಂದೇ ಬಗೆಯದು.

ಈಗ ಅಲ್ಲಿಗೆ ಬರೋಣ. ಮನುಷ್ಯರ ಗಂಟಲ ನಾಳ ಎದೆಯಲ್ಲಿ ಎರಡಾಗುತ್ತದೆ, ಅದು ನಾಲ್ಕಾಗುತ್ತದೆ, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ಕೊನೆಗೆ ಮುಂದೆ ದಾರಿಯೇ ಇಲ್ಲದ ಪುಟ್ಟ ಕೋಣೆಗಳಲ್ಲಿ ನಿಲ್ಲುತ್ತದೆ. ಆ ಕೋಣೆಗಳೇ ನಮ್ಮ ಗಾಳಿಚೀಲಗಳು. ಎರಡೂ ಶ್ವಾಸಕೋಶ ಸೇರಿ 30ರಿಂದ 50 ಕೋಟಿ. ಒಂದೊಂದರ ಅಗಲ ಮಿಲಿಮೀಟರಿನ ಐದನೇ ಒಂದು ಭಾಗ. ಒಂದು ಗಸಗಸೆ ಕಾಳಿನ ಅಗಲಕ್ಕೆ ನಾಲ್ಕೈದನ್ನು ಸಾಲಾಗಿ ಜೋಡಿಸಬಹುದು. ಎಲ್ಲದರ ಗೋಡೆ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ಮೂವತ್ತು-ನಲವತ್ತರ ಸೈಟಿನ ಅರ್ಧಕ್ಕಿಂತ ಜಾಸ್ತಿ. ಅಷ್ಟು ಜಾಗವನ್ನು ಎದೆಗೂಡಲ್ಲಿ ಮಡಚಿ ಇಟ್ಟಿದೆ.

ಪುಸ್ತಕದಲ್ಲಿ ದ್ರಾಕ್ಷಿ ಗೊಂಚಲಿನ ಚಿತ್ರ ಹಾಕಿರುತ್ತಾರೆ. ನನಗೆ ಆ ಹೋಲಿಕೆ ಅಷ್ಟು ಹಿಡಿಸುವುದಿಲ್ಲ. ದ್ರಾಕ್ಷಿಯಲ್ಲಿ ಪ್ರತಿ ಹಣ್ಣಿಗೂ ತನ್ನದೇ ಸಿಪ್ಪೆ. ಶ್ವಾಸಕೋಶದಲ್ಲಿ ಹಾಗಿಲ್ಲ. ನಮ್ಮ ಹಳ್ಳಿಯ ಹಳೇ ಮಾಳಿಗೆ ಮನೆಗಳ ಓಣಿ ಅದು. ಅಣ್ಣನ ಮನೆಗೂ ತಮ್ಮನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯೊಳಗೆ ಕೂದಲಿಗಿಂತ ಎಷ್ಟೋ ಸಣ್ಣ ರಕ್ತನಾಳಗಳ ಬಲೆ. ಗೋಡೆಯ ಈಚೆ ಗಾಳಿ, ಒಳಗೆ ರಕ್ತ, ಆಚೆ ಮತ್ತೆ ಗಾಳಿ. ಆಮ್ಲಜನಕ ಗೋಡೆಯ ಮೂಲಕವೇ ರಕ್ತಕ್ಕೆ ಇಳಿಯಬೇಕು. ಇಟಲಿಯ ಮಾರ್ಚೆಲೊ ಮಾಲ್ಪೀಗಿ 1661ರಲ್ಲಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಈ ಬಲೆಯನ್ನು ಕಂಡರು. ರಕ್ತ ಸುತ್ತುತ್ತದೆ ಅಂತ ತೋರಿಸಿಕೊಟ್ಟ ವಿಲಿಯಂ ಹಾರ್ವೆಗೆ ಅದನ್ನು ನೋಡುವ ಭಾಗ್ಯ ಇರಲಿಲ್ಲ. ಅವರು ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು.

ಕೋಣೆಗೆ ಒಂದೇ ಬಾಗಿಲು ಇರುವುದರಿಂದ ಬಂದ ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಸುಮ್ನೆ ಕೂತು ಉಸಿರಾಡುವಾಗ ನಾವು ಎಳೆಯುವುದು ಸುಮಾರು ಅರ್ಧ ಲೀಟರ್. ಅದರಲ್ಲಿ 150 ಮಿಲಿಲೀಟರ್ ನಾಳಗಳಲ್ಲೇ ಉಳಿಯುತ್ತದೆ, ಕೋಣೆಗೆ ಮುಟ್ಟುವುದೇ ಇಲ್ಲ. ಉಸಿರು ಬಿಟ್ಟ ಮೇಲೂ ಎದೆಯಲ್ಲಿ ಎರಡೂವರೆ ಲೀಟರಿನಷ್ಟು ಹಳೇ ಗಾಳಿ ಇರುತ್ತದೆ. ಬಿಂದಿಗೆಯಲ್ಲಿ ನಿನ್ನೆಯ ನೀರಿಟ್ಟುಕೊಂಡು ಮೇಲೆ ಒಂದೊಂದೇ ಲೋಟ ಹೊಸ ನೀರು ಹಾಕಿ, ಒಂದೊಂದು ಲೋಟ ತೆಗೆದ ಹಾಗೆ. ಕೋಳಿಯದು ಹರಿಯುವ ಕಾಲುವೆ, ನಮ್ಮದು ಈ ಬಿಂದಿಗೆ. ಆರೋಗ್ಯ ಇದ್ದಾಗ ಬಿಂದಿಗೆಯೂ ಸಾಕು. ಗೋಡೆ ಕೆಟ್ಟಾಗ ಸಾಲುವುದಿಲ್ಲ.

ಗೋಡೆ ಕೆಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ ವರ್ಷಗಟ್ಟಲೆ ಕುಡಿದರೆ ಗೋಡೆಗಳು ಸವೆದು ಬೀಳುತ್ತವೆ. ಅಣ್ಣ ತಮ್ಮಂದಿರ ನಡುವಿನ ಗೋಡೆ ಬಿದ್ದರೆ ಎರಡು ಕೋಣೆ ಹೋಗಿ ಒಂದು ದೊಡ್ಡ ಕೋಣೆ. ನೋಡಲು ವಿಶಾಲ. ಆದರೆ ರಕ್ತ ಇದ್ದಿದ್ದು ಗೋಡೆಯಲ್ಲಿ ಅಲ್ವಾ? ಗೋಡೆ ಹೋದಷ್ಟು ಉಸಿರಿನ ಜಾಗ ಹೋಯಿತು. ಮೇಲಾಗಿ ಒಳಗಿನ ಗಾಳಿ ಹೊರಬಾರದೆ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು ಕಲ್ಲಿನ ಧೂಳು. ನಮ್ಮ ಭಾಗದ ಗ್ರಾನೈಟಿನಲ್ಲಿ ಬೆಣಚು ಕಲ್ಲಿನ ಅಂಶ ಜಾಸ್ತಿ. ಬೆಣಚು ಅಂದರೆ ಸಿಲಿಕಾ. ಕ್ರಷರ್‌ನಲ್ಲಿ ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಕೆಮ್ಮಿದರೆ ಬರುತ್ತದೆ. ಕೆಡುಕು ಮಾಡುವುದು ಕಣ್ಣಿಗೆ ಕಾಣದ ಧೂಳು. ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಐದು ಭಾಗಕ್ಕಿಂತ ಸಣ್ಣ ಕಣಗಳು ಗಾಳಿಯ ಜೊತೆ ಕೊನೆಯ ಕೋಣೆಯವರೆಗೂ ಹೋಗುತ್ತವೆ. ಅಲ್ಲಿ ಕಸ ನುಂಗುವ ಕಾವಲು ಕೋಶಗಳಿವೆ. ಅವು ಸಿಲಿಕಾ ನುಂಗುತ್ತವೆ. ಆದರೆ ಅರಗಿಸಿಕೊಳ್ಳಲಾಗದೆ ಸಾಯುತ್ತವೆ. ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಲವೂ ಅಲ್ಲಿ ಸ್ವಲ್ಪ ಗಾಯ, ಸ್ವಲ್ಪ ಕಲೆ. ವರ್ಷ ಕಳೆದಂತೆ ತೆಳು ಗೋಡೆ ದಪ್ಪಗಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಅಂತ ಹೆಸರು. ಕ್ರಷರ್ ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಹುದು. ಯಾಕೆಂದರೆ ಕಣಗಳು ಒಳಗೇ ಇರುತ್ತವೆ.

ನಿಮ್ಮ ಮಾವನವರಿಗೆ ಇದೇ ಆಗಿದೆ ಅಂತ ನಾನು ಪತ್ರ ನೋಡಿ ಹೇಳುವುದಿಲ್ಲ. ಅದನ್ನು ಎಕ್ಸ್‌ರೇ ಕೈಯಲ್ಲಿರುವ ಡಾಕ್ಟರೇ ಹೇಳಬೇಕು. ಆದರೆ ಒಂದು ಕೆಲಸ ತಪ್ಪದೆ ಮಾಡಿ. ಮುಂದಿನ ಸಲ ಹೋದಾಗ ಅವರು ಯಾವ ವರ್ಷದಿಂದ ಯಾವ ವರ್ಷದವರೆಗೆ, ಕ್ರಷರ್‌ನಲ್ಲಿ ಯಾವ ಕೆಲಸ ಮಾಡಿದರು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬೀಡಿ ಸೇದುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಕಲ್ಲು ಒಡೆದಿದ್ದೀರಾ ಅಂತ ಕೇಳುವುದು ಜನಜಂಗುಳಿಯಲ್ಲಿ ತಪ್ಪಿಹೋಗಬಹುದು. ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ ಕಫ ಪರೀಕ್ಷೆ ಮಾಡಿಸಿ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ಬೇಗ ಹತ್ತುತ್ತದೆ. ಸಿಲಿಕೋಸಿಸ್ ಅಂತ ಖಚಿತವಾದರೆ ಅದನ್ನು ಬರೆಸಿಕೊಳ್ಳಿ. ಕಾನೂನು ಇದನ್ನು ಕೆಲಸದಿಂದ ಬರುವ ಕಾಯಿಲೆ ಅಂತಲೇ ಗುರುತಿಸಿದೆ, ಪರಿಹಾರ ಕೇಳುವ ಹಕ್ಕು ಅವರಿಗಿದೆ. ಅದು ಭಿಕ್ಷೆಯಲ್ಲ.

ಬಿದ್ದ ಗೋಡೆ ಈ ವಯಸ್ಸಿನಲ್ಲಿ ಮತ್ತೆ ಎದ್ದು ನಿಲ್ಲುವುದಿಲ್ಲ. ಆದರೆ ಉಳಿದ ಗೋಡೆಗಳನ್ನು ಕಾಯಬಹುದು. ಬೀಡಿ ಇದ್ದರೆ ಬಿಡಿಸಿ. ಅವರು ಮಲಗುವ ಜಾಗದಿಂದ ಸೌದೆ ಒಲೆ ದೂರ ಇರಲಿ. ಗದ್ದೆಯಲ್ಲಿ ಭತ್ತದ ಹುಲ್ಲು ಸುಡುವ ದಿನ ಅವರನ್ನು ಬೇರೆ ಊರಿನ ನೆಂಟರ ಮನೆಗೆ ಕಳಿಸಿದರೂ ತಪ್ಪಿಲ್ಲ.

ಇಲ್ಲಿ ಅತ್ತೆಯವರ ಮಾತಿಗೂ ಒಂದಿಷ್ಟು ಬೆಲೆ ಕೊಡಬೇಕು. ರೋಗ ಕೋಳಿಯಿಂದ ಬಂದಿಲ್ಲ ನಿಜ. ಆದರೆ ಶೆಡ್ಡಿನ ಧೂಳು ಮಾವನವರಿಗೆ ಒಳ್ಳೆಯದಲ್ಲ. ಒಣಗಿದ ಹಿಕ್ಕೆ, ಪುಕ್ಕದ ಪುಡಿ, ಬೂಸ್ಟು ಹಿಡಿದ ಹೊಟ್ಟು, ಇವೆಲ್ಲ ಕೆಟ್ಟ ಶ್ವಾಸಕೋಶವನ್ನು ಮತ್ತೂ ಕೆರಳಿಸುತ್ತವೆ. ಅವರು ಶೆಡ್ ಗುಡಿಸುವುದು, ಹೊಟ್ಟು ತಿರುವುವುದು ಬೇಡ. ಹೊರಗೆ ಕೂತು ಕಾಳು ಎರಚಲಿ. ನೀವು ಗುಡಿಸುವಾಗಲೂ ಮೂಗಿಗೆ ಮಾಸ್ಕ್ ಇರಲಿ.

ಇನ್ನು ಉಳಿದ ಐವತ್ತೊಂದು ಕೋಳಿಗಳ ವಿಷಯ. ಸಿಂಧನೂರಿನಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ. ಎಲ್ಲರೂ ಅದನ್ನೇ ಹಾಸುತ್ತಾರೆ. ಒಳ್ಳೆಯದೇ, ಒಣಗಿದ್ದರೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಬಿಡಿ. ಉದುರಿದರೆ ಸರಿ. ಉಂಡೆ ಕಟ್ಟಿ ಹಾಗೇ ನಿಂತರೆ ಒದ್ದೆ ಜಾಸ್ತಿಯಾಗಿದೆ. ಒದ್ದೆ ಹೊಟ್ಟಿನಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ, ಬೂಸ್ಟೂ ಬೆಳೆಯುತ್ತದೆ. ಬೂಸ್ಟಿನ ಬೀಜಕಣ ಸೀದಾ ಗಾಳಿಚೀಲಕ್ಕೆ ಹೋಗಿ ಅಲ್ಲೇ ಮೊಳೆಯುತ್ತದೆ. ಮರಿಗಳಿಗೆ ಇದು ದೊಡ್ಡ ಗಂಡಾಂತರ.

ಅಮೋನಿಯಾ ನೋಡಲು ನಿಂತುಕೊಂಡು ಮೂಸಬೇಡಿ. ಕೋಳಿಯ ಮೂಗು ನೆಲದಿಂದ ಒಂದು ಅಡಿ ಎತ್ತರದಲ್ಲಿದೆ. ಬೆಳಿಗ್ಗೆ ಶೆಡ್ ಬಾಗಿಲು ತೆರೆದ ಕೂಡಲೇ ಕುಕ್ಕರಗಾಲಲ್ಲಿ ಕೂತು ಮುಖ ತಗ್ಗಿಸಿ ಎರಡು ನಿಮಿಷ ಇರಿ. ಕಣ್ಣು ಚುರುಚುರು ಅಂದರೆ ಕೋಳಿಗಳು ರಾತ್ರಿಯೆಲ್ಲ ಅದನ್ನೇ ಕುಡಿದಿವೆ ಅಂತ ಅರ್ಥ. ಗಂಟಲ ನಾಳದಲ್ಲಿ ಕಸವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳಿವೆ. ಅಮೋನಿಯಾ ಅವನ್ನು ಕೊಲ್ಲುತ್ತದೆ. ಆಮೇಲೆ ರೋಗಾಣುವನ್ನು ತಡೆಯುವವರೇ ಇಲ್ಲ. ಒಮ್ಮೆ ಚೀಲದೊಳಗೆ ಇಳಿದರೆ ಔಷಧಿಯೂ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಆ ಪೊರೆಯಲ್ಲಿ ರಕ್ತನಾಳ ಕಡಿಮೆ ಅಂತ ಆಗಲೇ ಹೇಳಿದೆನಲ್ಲ. ಅದಕ್ಕೇ ಅಂಗಡಿಯಿಂದ ಯಾವುದೋ ಪುಡಿ ತಂದು ಎರಡು ದಿನ ಹಾಕಿ ನಿಲ್ಲಿಸಿದರೆ ರೋಗ ಹೋಗುವುದಿಲ್ಲ, ಸುಮ್ನೆ ಅಡಗಿ ಕೂರುತ್ತದೆ. ಡಾಕ್ಟರು ಬರೆದಷ್ಟು ದಿನ ಪೂರ್ತಿ ಕೊಡಿ. ಎಷ್ಟು ದಿನ ಮೊಟ್ಟೆ ಮಾರಬಾರದು ಅಂತಲೂ ಕೇಳಿಕೊಳ್ಳಿ.

ಈ ಮೈಕೋಪ್ಲಾಸ್ಮಾ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ. ಕಾಯಿಲೆ ಬಿದ್ದು ಚೇತರಿಸಿಕೊಂಡ ಕೋಳಿಯ ಮೊಟ್ಟೆಯನ್ನು ಕಾವಿಗೆ ಇಡಬೇಡಿ. ಹೊಸ ಮರಿಗಳನ್ನು ತಂದರೆ ಮೂರು ವಾರ ಬೇರೆ ಕಡೆ ಸಾಕಿ, ಆಮೇಲೆ ಸೇರಿಸಿ. ಒಂದೊಂದಾಗಿ ಸಾಯುವ ಬದಲು ಒಂದೆರಡು ದಿನದಲ್ಲೇ ರಾಶಿಗಟ್ಟಲೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಅದು ಬೇರೆಯೇ ಮಾತು. ಸತ್ತವನ್ನು ಮುಟ್ಟದೆ, ಕಾಲುವೆಗೆ ಎಸೆಯದೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ಬೇಸಿಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳ್ಳಗಾಗುವುದಕ್ಕೂ ಈ ಉಸಿರಾಟಕ್ಕೂ ಸಂಬಂಧ ಇದೆ. ಕೋಳಿಗೆ ಬೆವರು ಇಲ್ಲ. ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಗಾಳಿ ಜೋರಾಗಿ ಆಡಿದಷ್ಟೂ ಒಳಗಿನ ತೇವ ಆವಿಯಾಗಿ ತಂಪಾಗುತ್ತದೆ. ಆದರೆ ಜೊತೆಗೆ ರಕ್ತದ ಇಂಗಾಲದ ಡೈಆಕ್ಸೈಡೂ ಹೊರಗೆ ಹೋಗುತ್ತದೆ. ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ತಯಾರಾಗುವುದು ಅದರಿಂದಲೇ. ಹಾಗಾಗಿ ಏಪ್ರಿಲ್, ಮೇನಲ್ಲಿ ಸುಣ್ಣದ ಪುಡಿ ಎಷ್ಟು ಹಾಕಿದರೂ ಸಾಲುವುದಿಲ್ಲ. ಮಧ್ಯಾಹ್ನ ತಣ್ಣೀರು, ನೆರಳು, ಗಾಳಿ ಕೊಡಿ. ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ಹಾಕಿ. ಗೋಣಿಚೀಲ ನೆನೆಸಿ ಕಟ್ಟುವುದಾದರೆ ಗಾಳಿ ಬರುವ ಒಂದು ಕಡೆ ಮಾತ್ರ ಕಟ್ಟಿ. ನಾಲ್ಕೂ ಕಡೆ ಮುಚ್ಚಿದರೆ ಒಳಗೆ ತೇವ ತುಂಬಿ, ಏದುಸಿರು ಬಿಟ್ಟರೂ ಮೈ ತಣಿಯುವುದಿಲ್ಲ.

ಕೊನೆಗೆ ಮಗಳ ಪ್ರಶ್ನೆ. ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಒಳಗೆ ಚಿಪ್ಪಿಗೆ ಅಂಟಿಕೊಂಡ ಪೊರೆಯಲ್ಲಿ ರಕ್ತನಾಳಗಳು ಹರಡಿರುತ್ತವೆ. ಗಾಳಿ ರಂಧ್ರಗಳಿಂದ ಬಂದು ನೇರ ಆ ರಕ್ತಕ್ಕೆ ಸೇರುತ್ತದೆ. ಅಷ್ಟು ದಿನ ಮರಿಯ ಶ್ವಾಸಕೋಶಕ್ಕೆ ಕೆಲಸವಿಲ್ಲ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಕೋಣೆ ಇದೆ. ಕತ್ತಲಲ್ಲಿ ಟಾರ್ಚ್ ಹಿಡಿದರೆ ಕಾಣುತ್ತದೆ. ಕಾವಿಗಿಟ್ಟ 19 ಅಥವಾ 20ನೇ ದಿನ ಮರಿ ಕೊಕ್ಕಿನಿಂದ ಆ ಕೋಣೆಯ ಪೊರೆ ಚುಚ್ಚಿ, ತನ್ನ ಜೀವನದ ಮೊದಲ ಉಸಿರನ್ನು ಅಲ್ಲಿಂದ ಎಳೆಯುತ್ತದೆ. ಚಿಪ್ಪು ಇನ್ನೂ ಒಡೆದಿರುವುದಿಲ್ಲ. ಆ ದಿನ ಮೊಟ್ಟೆಯನ್ನು ಕಿವಿಗೆ ಹಿಡಿಯಲು ಮಗಳಿಗೆ ಹೇಳಿ, ಒಳಗಿನಿಂದ ಚಿಂವ್ ಅನ್ನುವುದು ಕೇಳುತ್ತದೆ. ಆಮೇಲೆ ಚಿಪ್ಪು ಬಿರುಕು ಬಿಟ್ಟರೂ ಮರಿ ಪೂರ್ತಿ ಹೊರಬರಲು ಅರ್ಧ ದಿನದ ಮೇಲೆ ಹಿಡಿಯಬಹುದು. ಪಾಪ ಒದ್ದಾಡುತ್ತಿದೆ ಅಂತ ಅವಳು ಚಿಪ್ಪು ಸುಲಿಯಲು ಹೋಗದಂತೆ ನೋಡಿಕೊಳ್ಳಿ. ಪೊರೆಯ ನಾಳಗಳಲ್ಲಿ ಆಗ ಇನ್ನೂ ರಕ್ತ ಹರಿಯುತ್ತಿರುತ್ತದೆ. ಅದೆಲ್ಲ ಮರಿಯ ಮೈಗೆ ಸೇರುವವರೆಗೆ ಕಾಯಬೇಕು.